ಆ ವಿಡಿಯೋವನ್ನು ತೆಗೆಸಿಕೊಡಿ: ಕಾಸರಗೋಡು ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಮಂಜೇಶ್ವರ ತಾಲೂಕಿನ ಪೆರ್ಲದ ಆಸುಪಾಸಿನಲ್ಲಿ ಹಲವು ವರ್ಷಗಳಿಂದ ಅಕ್ಷಯ ಕೇಂದ್ರವೊಂದನ್ನು, ಅಂದರೆ ಸರ್ಕಾರಿ ಸೇವೆಗಳ ಅರ್ಜಿ ತುಂಬಿಕೊಡುವ ಕೇಂದ್ರವನ್ನು, ನಡೆಸುತ್ತಿರುವವನು. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ 5ನೆಯ ಸೆಕ್ಷನ್ ಇಲ್ಲಿನ ಕನ್ನಡ ಮತ್ತು ತಮಿಳು ಭಾಷಾ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ತಮ್ಮ ಕಚೇರಿಗೆ ಖಾಸಗಿಯಾಗಿ ಕಳುಹಿಸಬಹುದಾಗಿದ್ದ ಮನವಿಯನ್ನು ಬಹಿರಂಗವಾಗಿ ಬರೆಯಲು ಕಾರಣವಿದೆ. ಇಲ್ಲಿ ಹೇಳಲಿರುವ ತಪ್ಪನ್ನು ಅಧಿಕಾರಿಗಳಷ್ಟೇ ಮಾಡುತ್ತಿಲ್ಲ, ನಾವೆಲ್ಲರೂ ಮಾಡುತ್ತಿದ್ದೇವೆ, ನಾನೂ ಮಾಡಿದ್ದೇನೆ.

ಪಿಂಚಣಿಯ ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆಂದು ಬೆರಳಚ್ಚಿನಿಂದ ಖಚಿತಪಡಿಸುವ ಕೆಲಸ) ನಡೆಯುತ್ತಿದ್ದ ದಿನಗಳಲ್ಲಿ ಅರುವತ್ತು ದಾಟಿದ ತಾಯಿಯೊಬ್ಬರು ನಮ್ಮ ಕೇಂದ್ರಕ್ಕೆ ಬಂದರು. ಬೆರಳಚ್ಚು ಕೊಟ್ಟು ಮುಗಿಸಿದ ಮೇಲೂ ಎದ್ದು ಹೋಗದೆ, ಸರದಿಯಲ್ಲಿದ್ದವರೆಲ್ಲ ಹೋಗುವ ತನಕ ಬೆಂಚಿನ ತುದಿಯಲ್ಲಿ ಕುಳಿತಿದ್ದು, ಆಮೇಲೆ ಮೊಮ್ಮಗಳ ಫೋನನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ವಿಡಿಯೋ ಇತ್ತು. ಅವರ ಮನೆಯ ಜಗಲಿ, ಮಂಚದ ಮೇಲೆ ಮೈಬಿಟ್ಟು ಮಲಗಿರುವ ಮಗ, ಕೈಯಲ್ಲಿ ಡಯಾಲಿಸಿಸ್‌ಗಾಗಿ ಮಾಡಿದ ಗಾಯದ ಗುರುತು, ಸೆರಗಿನಿಂದ ಕಣ್ಣೊರಸಿಕೊಂಡು ಮಾತನಾಡುತ್ತಿರುವ ಈ ತಾಯಿ, ಹಿನ್ನೆಲೆಯಲ್ಲಿ ಯಾವುದೋ ದುಃಖದ ಸಂಗೀತ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ, ಕ್ಯೂಆರ್ ಕೋಡ್ ಮತ್ತು ಮನೆಯವರ ಫೋನ್ ನಂಬರು. ಮಂಗಳೂರಿನ ಆಸ್ಪತ್ರೆಯ ಬಿಲ್ಲಿಗೆ ಹಣ ಹೊಂದಿಸಲು ಊರಿನ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ ವಿಡಿಯೋ ಅದು. ಹಣವೂ ಬಂತು, ಆದರೆ ಮಗ ಉಳಿಯಲಿಲ್ಲ. ಆತ ತೀರಿಕೊಂಡು ವರ್ಷ ಕಳೆದ ಮೇಲೂ ವಿಡಿಯೋ ಮಾತ್ರ ಊರೂರು ತಿರುಗುತ್ತಲೇ ಇದೆ. "ಅವನು ಹೋಗಿ ಇಷ್ಟು ಕಾಲವಾಯಿತು, ಇನ್ನೂ ಅವನ ಹೆಸರಿನಲ್ಲಿ ಬೇಡುತ್ತಿದ್ದಾರಲ್ಲ ಮಾರಾಯ್ರೆ, ಅದನ್ನೊಮ್ಮೆ ತೆಗೆಸಿಕೊಡಿ" ಎಂದು ಅವರು ತುಳುವಿನಲ್ಲಿ ಕೇಳಿದರು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಆ ವಿಡಿಯೋವನ್ನು ಮೊದಲೇ ನೋಡಿದ್ದರಂತೆ. ಆ ಕಾಯಿಲೆ ನಿಮ್ಮ ಕುಟುಂಬದಲ್ಲಿ ಇದೆಯಾ ಎಂದು ಕೇಳಿ ಹೋದವರು ಮತ್ತೆ ಬರಲಿಲ್ಲವಂತೆ.

ಇದೇನು ದೊಡ್ಡ ಕೆಲಸ ಎಂದುಕೊಂಡು ನಾನು ಒಪ್ಪಿಕೊಂಡೆ. ಹುಡುಕಿದಾಗ ಅದೇ ವಿಡಿಯೋ ಜಾಲತಾಣದ ನಾಲ್ಕು ಪುಟಗಳಲ್ಲಿ ಸಿಕ್ಕಿತು. ಮೊದಲು ಹಾಕಿದ ಹುಡುಗ ಈಗ ಗಲ್ಫಿನಲ್ಲಿದ್ದಾನೆ. ಹಳೆಯ ಸಿಮ್ ಕಳೆದುಹೋಗಿದೆ, ಪಾಸ್‌ವರ್ಡ್ ಮರೆತಿದೆ, ಖಾತೆ ತೆರೆಯಲು ಬೇಕಾದ ಒಟಿಪಿ ಯಾರದೋ ಫೋನಿಗೆ ಹೋಗುತ್ತಿದೆ. ಉಳಿದ ಮೂರೂ ಯಾರೋ ಇಳಿಸಿಕೊಂಡು ಮತ್ತೆ ಏರಿಸಿದ ಪ್ರತಿಗಳು. ಅವುಗಳಲ್ಲೊಂದರಲ್ಲಿ ಕ್ಯೂಆರ್ ಕೋಡನ್ನೇ ಬದಲಾಯಿಸಲಾಗಿತ್ತು, ಅಂದರೆ ತೀರಿಹೋದವನ ಹೆಸರಿನಲ್ಲಿ ಬರುವ ಹಣ ಇನ್ನಾರದೋ ಖಾತೆಗೆ ಬೀಳುತ್ತಿತ್ತು. ಜಾಲತಾಣ ವೇದಿಕೆಯ ದೂರಿನ ಅರ್ಜಿಯನ್ನು ತಾಯಿಯ ಪರವಾಗಿ ತುಂಬಲು ಕುಳಿತರೆ, ವಿಡಿಯೋದಲ್ಲಿರುವ ವ್ಯಕ್ತಿ ನೀವೇ ಏನು, ಅಲ್ಲವಾದರೆ ನಿಮಗೆ ಏನಾಗಬೇಕು, ಅವರು ಅಪ್ರಾಪ್ತರೇ ಎಂದು ಒಂದರ ಮೇಲೊಂದು ಪ್ರಶ್ನೆಗಳು ಬಂದವು. ಕೆಲವು ದಿನಗಳ ನಂತರ ಬಂದ ಇಂಗ್ಲಿಷ್ ಉತ್ತರದ ತಾತ್ಪರ್ಯ ಇಷ್ಟೇ: ಈ ವಿಡಿಯೋ ನಮ್ಮ ನಿಯಮಗಳನ್ನು ಮೀರಿಲ್ಲ. ಮೀರಿಲ್ಲ ನಿಜ. ನಗ್ನತೆಯಿಲ್ಲ, ಬೈಗುಳವಿಲ್ಲ, ಹಿಂಸೆಯಿಲ್ಲ. ಒಬ್ಬ ರೋಗಿ, ಒಬ್ಬ ತಾಯಿ, ಒಂದು ಮನೆ ಇದೆ ಅಷ್ಟೆ.

ಈ ತಾಯಿ ಕ್ಯಾಮರಾದ ಮುಂದೆ ತಾವಾಗಿಯೇ ಮಾತನಾಡಿದ್ದಾರೆ, ಆದ್ದರಿಂದ ಒಪ್ಪಿಗೆ ಕೊಟ್ಟಂತಾಯಿತು ಎನ್ನುವ ವಾದವನ್ನು ಹಲವರಿಂದ ಕೇಳಿದ್ದೇನೆ. ಅವರು ಯಾವುದಕ್ಕೆ ಒಪ್ಪಿದ್ದರು ಎಂದು ನಾನು ಕೇಳಿದಾಗ ಸಿಕ್ಕ ಉತ್ತರ ಸ್ಪಷ್ಟವಾಗಿತ್ತು: ಪೆರ್ಲ, ಬದಿಯಡ್ಕ, ಹೆಚ್ಚೆಂದರೆ ಪುತ್ತೂರಿನ ತನಕ ಪರಿಚಯದವರು ನೋಡುತ್ತಾರೆ, ಮಗ ಮನೆಗೆ ಬಂದ ಮೇಲೆ ಮುಗಿಯಿತು ಎಂದು ಅವರು ತಿಳಿದಿದ್ದರು. ಹಿಂದೆ ಚಿಕಿತ್ಸಾ ಸಹಾಯ ಸಮಿತಿಯವರು ಕನ್ನಡ ಪತ್ರಿಕೆಯ ಒಳಪುಟದಲ್ಲಿ ಪಾಸ್‌ಪೋರ್ಟ್ ಗಾತ್ರದ ಚಿತ್ರದೊಡನೆ ಮನವಿ ಹಾಕಿಸುತ್ತಿದ್ದರಲ್ಲ, ಅದೇ ಅಳತೆಯಲ್ಲಿ ಇದನ್ನೂ ಅಳೆದಿದ್ದರು. ಪತ್ರಿಕೆ ಮರುವಾರ ಮೀನು ಕಟ್ಟಿಕೊಡಲು ಹೋಗುತ್ತಿತ್ತು. ರೀಲ್ಸ್ ಹಾಗೆ ಹೋಗುವುದಿಲ್ಲ. ಯಾರು ಎಷ್ಟು ಹೊತ್ತು ಬೆರಳು ಸರಿಸದೆ ನೋಡಿದರು ಎಂಬ ಲೆಕ್ಕದ ಮೇಲೆ ಅದನ್ನು ಗುರುತು ಪರಿಚಯವಿಲ್ಲದವರ ಫೋನಿಗೆ ಯಂತ್ರವೇ ತಳ್ಳುತ್ತದೆ, ಮತ್ತು ಅಳುವ ಮುಖದ ಮುಂದೆ ಬೆರಳು ನಿಲ್ಲುತ್ತದೆ ಎಂಬುದನ್ನು ಯಂತ್ರ ಬೇಗ ಕಲಿಯುತ್ತದೆ. ಮೂಲ ವಿಡಿಯೋವನ್ನು ಅಳಿಸಿದರೂ ಇಳಿಸಿಕೊಂಡವರ ಪ್ರತಿಗಳು ಅಳಿಯುವುದಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ಮಸ್ಟರಿಂಗ್‌ನ ಮೊದಲ ವರ್ಷದಲ್ಲಿ, ಇಷ್ಟೊಂದು ಜನರ ಕೆಲಸವನ್ನು ಒಂದೇ ದಿನದಲ್ಲಿ ಮಾಡಿ ಮುಗಿಸಿದೆವು ಎಂಬ ಹೆಮ್ಮೆಯಿಂದ ನಮ್ಮ ಕೇಂದ್ರದ ಒಂದು ಚಿಕ್ಕ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದ್ದೆ. ಪೇಟೆಯ ಗೆಳೆಯನೊಬ್ಬ ಸಂಜೆ ಫೋನ್ ಮಾಡಿ, ವಿಡಿಯೋವನ್ನು ನಿಲ್ಲಿಸಿ ಹಿಗ್ಗಿಸಿ ನೋಡು ಎಂದ. ಮೇಜಿನ ಮೇಲೆ ತೆರೆದಿಟ್ಟಿದ್ದ ರೇಷನ್ ಕಾರ್ಡಿನ ಹೆಸರುಗಳು, ಒಂದು ಆಧಾರ್ ಕಾರ್ಡಿನ ಪೂರ್ತಿ ಸಂಖ್ಯೆ, ಹಿಂದಿನ ಗೋಡೆಗೆ ಅಂಟಿಸಿದ್ದ ಫಲಾನುಭವಿಗಳ ಪಟ್ಟಿ ಎಲ್ಲವೂ ಓದುವಷ್ಟು ನಿಚ್ಚಳವಾಗಿದ್ದವು. ದಿನವಿಡೀ ಬೇರೆಯವರಿಗೆ "ಒಟಿಪಿ ಯಾರಿಗೂ ಹೇಳಬೇಡಿ" ಎಂದು ಉಪದೇಶ ಮಾಡುವವನು ನಾನು. ಅಳಿಸಿದೆನಾದರೂ ಅಷ್ಟರೊಳಗೆ ಎಷ್ಟು ಜನರು ನೋಡಿದ್ದರೆಂದು ಸ್ಟೇಟಸ್‌ನ ಎಣಿಕೆ ಹೇಳುತ್ತಿತ್ತು. ಎಷ್ಟು ಜನರು ಉಳಿಸಿಕೊಂಡರೆಂದು ಹೇಳುವ ಎಣಿಕೆ ಇರಲಿಲ್ಲ.

ಕಾನೂನು ಇದೆಯಲ್ಲ ಎಂದು ತಾವು ಹೇಳಬಹುದು. ಇದೆ, ಮತ್ತು ಅದರ ಹುಟ್ಟಿನಲ್ಲಿ ಕನ್ನಡ ನಾಡಿನ ಪಾಲೂ ಇದೆ. ನಾನು ದಿನಾ ಬೆರಳಚ್ಚು ಒತ್ತಿಸುವ ಈ ಆಧಾರ್ ಯೋಜನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅವರ ಹೆಸರಿನ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ದಾರಿಯಲ್ಲಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯೆಂದರೆ ನಿರ್ದಿಷ್ಟ ಉದ್ದೇಶಕ್ಕೆ, ವಿಷಯ ತಿಳಿದು, ಒತ್ತಾಯವಿಲ್ಲದೆ ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎನ್ನುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಲು ಅವಕಾಶವಿರಬೇಕು ಎಂದೂ ಅದರಲ್ಲಿದೆ. (ಆ ಪಟ್ಟಿಯಲ್ಲಿ ಕನ್ನಡವಿದೆ, ತುಳು ಇಲ್ಲ; ಈ ತಾಯಿಯಂತೆ ತುಳುವಿನಲ್ಲಿ ಬದುಕಿ ಕನ್ನಡವನ್ನು ಕೂಡಿಸಿ ಓದುವವರಿಗೆ ಓದಿ ಹೇಳುವವರು ಯಾರಾದರೂ ಬೇಕೇ ಬೇಕು.) ತನ್ನ ಮರಣಾನಂತರ ಈ ಹಕ್ಕುಗಳನ್ನು ಚಲಾಯಿಸಲು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವನ್ನು ಕೂಡ ಕಾಯ್ದೆ ಕೊಟ್ಟಿದೆ.

ಆದರೆ ಅದೇ ಕಾಯ್ದೆಯ 3ನೆಯ ಸೆಕ್ಷನ್ನನ್ನು ಓದಿದಾಗ ನನಗೆ ಈ ತಾಯಿಯ ಮುಖ ನೆನಪಾಯಿತು. ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ವ್ಯಕ್ತಿಯು ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಸಾಮಾಜಿಕ ಜಾಲತಾಣದಲ್ಲಿ ತನ್ನ ವಿಷಯವನ್ನು ತಾನೇ ಬರೆದುಕೊಂಡವರ ಉದಾಹರಣೆಯನ್ನೇ ಅಲ್ಲಿ ಕೊಟ್ಟಿದ್ದಾರೆ. ಸ್ವಂತ ಇಚ್ಛೆಯಿಂದ, ಸ್ವಂತ ಖಾತೆಯಲ್ಲಿ ಬರೆದುಕೊಂಡವರಿಗೆ ಅದು ಸರಿಯೇ ಇರಬಹುದು. ಮಗನ ಡಯಾಲಿಸಿಸ್ ನಾಳೆ ಆಗಬೇಕಾಗಿರುವಾಗ ಪಕ್ಕದ ಮನೆಯ ಹುಡುಗ ಎತ್ತಿಹಿಡಿದ ಫೋನಿನ ಮುಂದೆ ಅತ್ತ ತಾಯಿ ತಾನಾಗಿಯೇ ಸಾರ್ವಜನಿಕಗೊಳಿಸಿದಳೆಂದು ಹೇಳಬಹುದೇ? ಇಂತಹ ಪ್ರಶ್ನೆಗೆ ನ್ಯಾಯಾಲಯಗಳು ಮುಂದೆ ಏನೆನ್ನುತ್ತವೋ ನಾನು ಊಹಿಸಲಾರೆ. ಕಾಯ್ದೆಯ ನಿಯಮಗಳು ಪ್ರಕಟವಾದದ್ದೇ 2025ರ ನವೆಂಬರಿನಲ್ಲಿ, ಅದರಲ್ಲೂ ಮುಖ್ಯ ಕರ್ತವ್ಯಗಳನ್ನು ಪಾಲಿಸಲು ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಅಲ್ಲಿಯ ತನಕವೂ ಆಮೇಲೂ ನಮ್ಮ ಜಿಲ್ಲೆಯ ಮಟ್ಟದಲ್ಲಿ ಮಾಡಬಹುದಾದ ಕೆಲಸ ಬಹಳವಿದೆ ಎಂಬುದಕ್ಕಾಗಿಯೇ ದೆಹಲಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ಪೆರ್ಲ ಸೇರಿರುವ ಎಣ್ಮಕಜೆ ಪಂಚಾಯತಿನವರಾದ ನಮಗೆ ಕ್ಯಾಮರಾ ಹೊಸದಲ್ಲ ಎಂಬುದನ್ನು ತಾವು ಬಲ್ಲಿರಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದಲ್ಲಿ ನಿಲ್ಲುವ ಮೊದಲೇ ಇಲ್ಲಿನ ವೈದ್ಯರಾದ ಡಾ. ವೈ.ಎಸ್. ಮೋಹನ್ ಕುಮಾರ್ ಅವರು ರೋಗಿಗಳಲ್ಲಿ ಕಂಡದ್ದನ್ನು ಬರೆದಿಟ್ಟಿದ್ದರು, ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದ್ದರು. ಆಮೇಲೆ ಕ್ಯಾಮರಾಗಳು ಬಂದವು. ಇಲ್ಲಿನ ಪಡ್ರೆ ಗ್ರಾಮದ ಮನೆಗಳ ಮಕ್ಕಳ ಚಿತ್ರಗಳು ಲೋಕವನ್ನೆಲ್ಲ ಸುತ್ತಿದವು. ಆ ಚಿತ್ರಗಳಿಲ್ಲದೆ 2011ರಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಾಗಲಿ, 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ಅದೇ ನ್ಯಾಯಾಲಯದ ಆದೇಶವಾಗಲಿ ಅಷ್ಟು ಸುಲಭವಾಗಿ ಬರುತ್ತಿತ್ತೆಂದು ನಾನು ಹೇಳುವುದಿಲ್ಲ; ಕ್ಯಾಮರಾವನ್ನು ಶತ್ರುವೆಂದು ಕರೆಯುವುದು ನಮ್ಮೂರಿನವನಿಗೆ ಸಾಧ್ಯವೂ ಅಲ್ಲ. ಆದರೆ ಅದೇ ಚಿತ್ರಗಳನ್ನು ಇವತ್ತು ಯಾರೋ ಕತ್ತರಿಸಿ, ಸಿನಿಮಾ ಸಂಗೀತ ಸೇರಿಸಿ, ಮೂವತ್ತು ಸೆಕೆಂಡಿನ ವಿಡಿಯೋ ಮಾಡಿ "ಇದನ್ನು ನೋಡಿದರೆ ನಿಮ್ಮ ಕಷ್ಟ ಏನೂ ಅಲ್ಲ" ಎಂದು ಬರೆದು ಹಾಕುತ್ತಾರೆ. ಕೀಟನಾಶಕದ ಹೆಸರೂ ಇರುವುದಿಲ್ಲ, ಊರಿನ ಹೆಸರೂ ಇರುವುದಿಲ್ಲ. ಹೋರಾಟಕ್ಕೆಂದು ಹೆತ್ತವರು ತೆರೆದಿಟ್ಟದ್ದು ಹೋರಾಟದ ಸಂಬಂಧವನ್ನೇ ಕಳಚಿಕೊಂಡು ಬರೇ ನೋಟವಾಗಿ ಉಳಿದಿದೆ. ಆ ಮನೆಗಳವರು ನಮ್ಮ ಕೇಂದ್ರಕ್ಕೂ ಬರುತ್ತಾರೆ. ಫೋಟೋ ತೆಗೆಯಬೇಕಾದ ಅರ್ಜಿ ಬಂದರೆ ಅವರಲ್ಲಿ ಕೆಲವರು ಮೊದಲು ಕೇಳುವ ಪ್ರಶ್ನೆ, "ಇದು ಎಲ್ಲಿಗೆ ಹೋಗುತ್ತದೆ?" ಎಂಬುದು. ಬೇರೆಯವರು ಕೇಳುವುದಿಲ್ಲ.

ಶಾಲೆಗಳ ಮಾತಿಗೆ ಬರುತ್ತೇನೆ, ಇಲ್ಲಿ ನನಗೆ ಕೋಪಕ್ಕಿಂತ ಸಂಕಟವೇ ಹೆಚ್ಚು. ಜೂನ್ ತಿಂಗಳ ಪ್ರವೇಶೋತ್ಸವದಲ್ಲಿ ಅಳುವ ಒಂದನೆಯ ತರಗತಿಯ ಮಗು, ಮಧ್ಯಾಹ್ನದ ಊಟದ ಸಾಲು, ಕಲೋತ್ಸವದ ಬಣ್ಣ ಹಚ್ಚಿಕೊಳ್ಳುವ ಕೋಣೆ, ಕೇಳಿದ ಪ್ರಶ್ನೆಗೆ ಮಗು ಕೊಟ್ಟ ತಪ್ಪು ಉತ್ತರ ಎಲ್ಲವೂ ಈಗ ರೀಲ್ಸ್ ಆಗುತ್ತಿವೆ, ಕತ್ತಿನಲ್ಲಿ ತೂಗುವ ಗುರುತಿನ ಚೀಟಿಯ ಹೆಸರು, ತರಗತಿ, ಶಾಲೆಗಳ ಸಮೇತ. ಇದನ್ನು ಮಾಡುವ ಅಧ್ಯಾಪಕರನ್ನು ಬಯ್ಯುವುದು ಸುಲಭ. ಕನ್ನಡ ಮಾಧ್ಯಮದ ಡಿವಿಜನಿಗೆ ನಾಲ್ಕು ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಶಾಲೆಗೆ ಅನ್‌ಎಕನಾಮಿಕ್ (ಮಕ್ಕಳ ಸಂಖ್ಯೆ ಸಾಲದ ಶಾಲೆ) ಎಂಬ ಹಣೆಪಟ್ಟಿ ಬೀಳುತ್ತದೆ. ಪಕ್ಕದ ಇಂಗ್ಲಿಷ್ ಮಾಧ್ಯಮದ ಶಾಲೆಯ ಬಸ್ಸು ಮನೆಯ ಗೇಟಿಗೆ ಬರುವಾಗ ಇವರ ಬಳಿ ಇರುವ ಜಾಹೀರಾತು ಈ ಮಕ್ಕಳ ನಗು ಮಾತ್ರ. ಶಾಲೆ ಉಳಿಸಲೆಂದು ಮಾಡಿದ ವಿಡಿಯೋದಲ್ಲಿ ತಪ್ಪು ಉತ್ತರ ಹೇಳಿದ ಹುಡುಗನನ್ನು ಎಂಟನೆಯ ತರಗತಿಗೆ ಬಂದ ಮೇಲೂ ಆ ಉತ್ತರದ ಹೆಸರಿನಿಂದಲೇ ಕರೆಯುತ್ತಿರುವುದನ್ನು ನಾನು ನೋಡಿದ್ದೇನೆ. ಆ ಹುಡುಗ ಈಗ ವೇದಿಕೆ ಹತ್ತುವುದಿಲ್ಲ.

ಹೊಸ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಮಾಹಿತಿ ಬಳಸಲು ಹೆತ್ತವರ ಖಚಿತಪಡಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ವಿಷಯದ ಕರ್ತವ್ಯಗಳನ್ನು ಮೀರಿದರೆ ದಂಡ 200 ಕೋಟಿ ರೂಪಾಯಿಯ ವರೆಗೂ ಹೋಗಬಹುದು. ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ಕೊಟ್ಟಿರುವ ವಿನಾಯಿತಿ ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ್ದು, ಪ್ರಚಾರಕ್ಕೆ ಸಂಬಂಧಿಸಿದ್ದಲ್ಲ ಎಂಬುದು ನನ್ನ ತಿಳಿವಳಿಕೆ. ದೊಡ್ಡ ಕಂಪೆನಿಗಳಿಗೆಂದು ಬರೆದ ಕಾಯ್ದೆಯ ಎದುರು ನಮ್ಮೂರಿನ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ಮುಖ್ಯೋಪಾಧ್ಯಾಯಿನಿ ಕಕ್ಕಾಬಿಕ್ಕಿಯಾಗಿ ನಿಲ್ಲುವ ಮೊದಲು ಅವರಿಗೆ ಯಾರಾದರೂ ಒಂದು ಪುಟದಲ್ಲಿ, ಕನ್ನಡದಲ್ಲಿ, ಏನು ಮಾಡಬಹುದು ಏನು ಮಾಡಬಾರದು ಎಂದು ಹೇಳಬೇಡವೇ?

ಗಡಿಯ ತೊಡಕು ಇನ್ನೊಂದು. ನಮ್ಮ ಮಕ್ಕಳು ಮಂಗಳೂರಿನ ಕಾಲೇಜಿಗೆ ಹೋಗುತ್ತಾರೆ, ಕಾಯಿಲೆಯಾದರೆ ನಾವು ತಲಪಾಡಿ ದಾಟುತ್ತೇವೆ, ನಮ್ಮ ವಿಡಿಯೋಗಳನ್ನು ಎತ್ತಿಹಾಕುವ ಪುಟಗಳು ಎರಡೂ ಕಡೆ ಇವೆ. ಆ ತಾಯಿಯ ಜೊತೆ ನಾನು ಠಾಣೆಯೊಂದಕ್ಕೆ ಹೋದಾಗ, ಕ್ಯೂಆರ್ ಬದಲಿಸಿದ ಪುಟ ಕರ್ನಾಟಕದ್ದಿರಬೇಕು, ಅಲ್ಲಿಯೇ ದೂರು ಕೊಡಿ ಎಂದರು. ದೂರನ್ನು ಮಲಯಾಳದಲ್ಲಿ ಬರೆದು ತನ್ನಿ ಎಂದೂ ಹೇಳಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಪ್ರಕಾರ, ಪೊಲೀಸರು ಕೈಹಾಕಬಹುದಾದ ಅಪರಾಧ ಎಲ್ಲಿಯೇ ನಡೆದಿರಲಿ ಯಾವ ಠಾಣೆಯಲ್ಲಿಯೂ ಮಾಹಿತಿ ಕೊಡಬಹುದು. ನಾನು ಅದನ್ನು ಅಲ್ಲಿ ಹೇಳಲಿಲ್ಲ. ಜೊತೆಯಲ್ಲಿದ್ದ ತಾಯಿ ಆಗಲೇ ಎದ್ದು ನಿಂತಿದ್ದರು. ಕೊನೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ವಂಚನೆಯ ಭಾಗವನ್ನಷ್ಟೇ ದಾಖಲಿಸಿದೆವು. ವಂಚನೆಗೆ ಸಹಾಯವಾಣಿ ಇದೆ, ಮಗನ ಮುಖಕ್ಕೆ ಇಲ್ಲ.

ಹಾಗೆಂದು ನಿಷೇಧ ಕೇಳಲು ನಾನು ಬಂದಿಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ತಡೆಹಿಡಿದ ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಅದೇ ಹುಡುಗರು ಅದೇ ಜಗಲಿಯಲ್ಲಿ ಅದನ್ನೇ ಮಾಡಿದರು. ಮಂಗಳೂರಿನ ಬಿಲ್ಲು ಕಟ್ಟಲಾಗದವನಿಗೆ ವಿಡಿಯೋ ಬೇಡವೆನ್ನಲು ನನಗೇನು ಅಧಿಕಾರ? ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಅಲ್ಲಿ ಪೂರ್ಣ ಪ್ರಮಾಣದ ಆಸ್ಪತ್ರೆ ಬೇಗನೆ ಎದ್ದುನಿಂತಿದ್ದರೆ ಈ ವಿಡಿಯೋಗಳಲ್ಲಿ ಎಷ್ಟೋ ಹುಟ್ಟುತ್ತಲೇ ಇರಲಿಲ್ಲ. ಅದು ಬೇರೆ ಪತ್ರದ ವಿಷಯ.

ನಾನು ಕೇಳುವುದು ಚಿಕ್ಕದು. ಚಿಕಿತ್ಸಾ ಸಹಾಯದ ವಿಡಿಯೋ ಮಾಡುವಾಗ ವಾರ್ಡ್ ಸದಸ್ಯರನ್ನೊಳಗೊಂಡ ಸಮಿತಿಯ ಹೆಸರಿನ ಖಾತೆ ಮಾತ್ರ ಇರಲಿ, ಆ ಖಾತೆ ಮುಚ್ಚುವ ದಿನವೇ ವಿಡಿಯೋವನ್ನೂ ಇಳಿಸುವ ಹೊಣೆ ಯಾರದ್ದೆಂದು ಪಂಚಾಯತಿನ ಪುಸ್ತಕದಲ್ಲಿ ಬರೆದಿರಲಿ. ರೋಗಿಯ ಮೈ, ಮನೆಯ ಮಕ್ಕಳ ಮುಖ, ಮನೆಯವರ ಫೋನ್ ನಂಬರು ಇಲ್ಲದೆಯೂ ಬೇಡಬಹುದು. ವೈದ್ಯರ ಪತ್ರ ಮತ್ತು ಸಮಿತಿಯವರ ಮಾತು ಸಾಕು ಎಂದು ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೋದರೆ ನಮ್ಮ ಹುಡುಗರು ಕೇಳಿಯಾರು, ಅವರು ಕೆಟ್ಟವರಲ್ಲ. ಶಾಲೆ ಮತ್ತು ಅಂಗನವಾಡಿಗಳಲ್ಲಿ ವರ್ಷದ ಆರಂಭದಲ್ಲಿ ಹೆತ್ತವರಿಗೆ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಒಂದು ಒಪ್ಪಿಗೆ ಪತ್ರ ಕೊಡಿಸಿ. ಅದರಲ್ಲಿ "ಬೇಡ" ಎಂಬ ಚೌಕವೂ ಇರಲಿ, ಬೇಡವೆಂದವರ ಮಗುವನ್ನು ಗುಂಪಿನಿಂದ ಹೊರಗೆ ನಿಲ್ಲಿಸುವಂತಾಗದಿರಲಿ, ಒಪ್ಪಿಗೆ ಆ ಶಾಲಾ ವರ್ಷಕ್ಕೆ ಮಾತ್ರ ಸಲ್ಲಲಿ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಠಾಣೆಗಳಲ್ಲಿ ಇಂತಹ ದೂರುಗಳನ್ನು ಕನ್ನಡದಲ್ಲಿ ಸ್ವೀಕರಿಸಬೇಕು, ಗಡಿಯ ನೆಪದಲ್ಲಿ ಹಿಂದೆ ಕಳುಹಿಸಬಾರದು ಎಂದು ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ತಾವು ಬರೆಯಬೇಕು. ವೇದಿಕೆಗಳ ದೂರು ಅಧಿಕಾರಿ ಕೇಳದಿದ್ದರೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಯ ತನಕ ಹೋಗಲು ದಾರಿಯಿದೆ, ಆದರೆ ಆ ದಾರಿ ಇಂಗ್ಲಿಷ್ ಬಲ್ಲವರದ್ದು; ಅರ್ಜಿ ತುಂಬಿಕೊಡಲು ಅಕ್ಷಯ ಕೇಂದ್ರಗಳಿಗೆ ತರಬೇತಿ ಕೊಡಿಸಿದರೆ ಶುಲ್ಕವಿಲ್ಲದೆ ಮಾಡಿಕೊಡಲು ನಾನಂತೂ ಸಿದ್ಧನಿದ್ದೇನೆ. ಒಪ್ಪಿಗೆ ಪತ್ರದ ಒಂದು ಕನ್ನಡ ಕರಡನ್ನು ನಾನೇ ಬರೆದು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಭಾಷೆ ಒರಟಾಗಿದ್ದರೆ ತಿದ್ದಿಸಿಕೊಳ್ಳಿ.

ಈ ಪತ್ರ ಬರೆಯುವ ಹೊತ್ತಿಗೆ ನಾಲ್ಕು ಪುಟಗಳ ಪೈಕಿ ಎರಡರಿಂದ ಆ ವಿಡಿಯೋ ಇಳಿದಿದೆ, ಎರಡರಲ್ಲಿ ಉಳಿದಿದೆ. ತಾಯಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಪ್ರಕಟಿಸುವ ಮೊದಲು ಅವರನ್ನು ಕರೆಸಿ, ಅವರಿಗೆ ಸಂಬಂಧಿಸಿದ ಭಾಗವನ್ನೆಲ್ಲ ತುಳುವಿನಲ್ಲಿ ಓದಿ ಹೇಳಿದೆ. ಮಗನ ಬಗ್ಗೆ ನಾನು ಬರೆದಿದ್ದ ಒಂದು ವಾಕ್ಯ ಬೇಡವೆಂದರು. ಅದನ್ನು ತೆಗೆದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಪೆರ್ಲ ಸಮೀಪದ ಒಬ್ಬ ಅಕ್ಷಯ ಕೇಂದ್ರ ನಿರ್ವಾಹಕ